ಅಗ್ಗದ ಫೋನಿಗೆ ಬೀಗ ಬಂದ ಕತೆ



ಮೊನ್ನೆ ನಾಗಮಂಗಲದಲ್ಲಿ ದೌರ್ಜನ್ಯ ಕೇಸೊಂದರ ಬಗ್ಗೆ ಕೂತು ಮಾತಾಡ್ತಿದ್ವಿ. ನಮ್ಮ ಕೇರಿ ಹುಡುಗನೊಬ್ಬ ಕೇಳ್ದ: 'ಅಣ್ಣ, ಸಾಕ್ಷಿಗಳ ನಂಬರೆಲ್ಲ ಇದರಲ್ಲೇ ಐತೆ. ಯಾರಾದ್ರೂ ಕಿತ್ಕೊಂಡ್ರೆ?' ಅವನ ಕೈಲಿದ್ದದ್ದು ಆರು ಸಾವಿರದ ಫೋನು. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದಾಗ ಸಿಕ್ಕ ಚರಿತ್ರೆ ಇದು.

ಆಂಡ್ರಾಯ್ಡ್ ಫೋನುಗಳ ತಳದಲ್ಲಿರೋದು ಲಿನಕ್ಸ್ ಕರ್ನಲ್. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಪ್ಪು ಹಿಡಿಯಬಹುದು. (ಕೇಳಿಸಿಕೊಂಡವರ ಕಿವಿಗೆ ಸೀಸ ಹುಯ್ಯೋ ಶಾಸ್ತ್ರ ಅಲ್ಲಿಲ್ಲ.) ಮಾಹಿತಿಗೆ ಬೀಗ ಹಾಕೋ ಕೋಡಿಗೆ ಅದರಲ್ಲಿ 2002ರಿಂದ ಬೇರೆಯೇ ವಿಭಾಗವಿದೆ. ಹರ್ಬರ್ಟ್ ಶು ಅನ್ನೋರು ಅದನ್ನ ಬಹಳ ವರ್ಷಗಳಿಂದ ನೋಡಿಕೊಳ್ತಿದ್ದಾರೆ.

ಅಲ್ಲಿನ ಮುಖ್ಯ ಬೀಗದ ಹೆಸರು ಎಇಎಸ್. ದುಬಾರಿ ಫೋನಿನ ಚಿಪ್ಪಿನಲ್ಲಿ ಅದನ್ನ ಬೇಗ ನಡೆಸೋ ವ್ಯವಸ್ಥೆ ಇರುತ್ತೆ. ಅಗ್ಗದ ಚಿಪ್ಪಿನಲ್ಲಿ ಇರಲ್ಲ, ಫೋನು ತೆವಳುತ್ತೆ. ಹಾಗಾಗಿ ಎಇಎಸ್ ವೇಗ ಸೆಕೆಂಡಿಗೆ 50 ಎಂಬಿಗಿಂತ ಕಮ್ಮಿ ಇರೋ ಫೋನುಗಳಿಗೆ ಒಳಗಿನ ಮಾಹಿತಿಗೆ ಬೀಗ ಹಾಕೋದು ಕಡ್ಡಾಯವೇ ಆಗಿರಲಿಲ್ಲ. ಪ್ಯಾಟರ್ನ್ ಲಾಕು ಬರೀ ಬಾಗಿಲ ಚಿಲಕ. ಮೆಮೊರಿ ಬಿಚ್ಚಿದರೆ ಎಲ್ಲಾ ಓದಬಹುದು. ಕಾಸಿದ್ದವನಿಗೆ ಗೋದ್ರೇಜ್ ಬೀರು, ನಮಗೆ ತಡಿಕೆ ಬಾಗಿಲು.

2018ರಲ್ಲಿ ಗೂಗಲ್ ಎಂಜಿನಿಯರುಗಳು ಅಗ್ಗದ ಫೋನಿಗಾಗಿ ಸ್ಪೆಕ್ ಅನ್ನೋ ಹಗುರ ಬೀಗ ತಂದರು. ಅದು ಕರ್ನಲ್ 4.17ಕ್ಕೆ ಸೇರಿಯೂ ಬಿಡ್ತು. ಅದನ್ನ ಮಾಡಿದ್ದು ಯಾರು ಗೊತ್ತಾ? ಜಗತ್ತಿನ ಫೋನುಗಳನ್ನ ಕದ್ದು ಕೇಳುತ್ತೆ ಅಂತ ಸ್ನೋಡೆನ್ 2013ರಲ್ಲಿ ಬಯಲು ಮಾಡಿದ ಅಮೆರಿಕದ ಎನ್‌ಎಸ್‌ಎ! ಸ್ಪೆಕ್ಕನ್ನು ಪೂರ್ತಿ ಮುರಿದು ತೋರಿಸಿದವರಿಲ್ಲ, ಅದನ್ನೂ ಹೇಳಬೇಕು. ಆದರೂ ಬಡವರ ಫೋನಿಗೆ ಅನುಮಾನದ ಬೀಗ ಅಂದರೆ ನನಗೆ ಹೋಟೆಲಿನ ಬೇರೆ ಲೋಟವೇ ನೆನಪಾಗೋದು.

ಕರ್ನಲ್ಲಿನ ಕೆಲಸಗಾರರೂ ಸುಮ್ಮನಿರಲಿಲ್ಲ. ಒಂದು ಬೀಗ ಬಳಕೆಗೆ ಬಂದುಬಿಟ್ಟರೆ ತೆಗೆಯೋದು ಕಷ್ಟ, ಅದರಲ್ಲಿ ಮುಚ್ಚಿಟ್ಟವರ ಫೈಲು ಮತ್ತೆ ತೆರೆಯಬೇಕಲ್ಲ. ಸ್ಪೆಕ್ ಇನ್ನೂ ಯಾರ ಫೋನಿಗೂ ಹೋಗಿರಲಿಲ್ಲ. ಗೂಗಲ್ಲಿನವರೇ ಕೈಬಿಟ್ಟರು. ಜೇಸನ್ ಡೊನೆನ್‌ಫೆಲ್ಡ್ ಅದನ್ನ ಕಿತ್ತುಹಾಕೋ ತಿದ್ದುಪಡಿ ಕಳಿಸಿದರು, 4.20ರಲ್ಲಿ ಹೋಯ್ತು.

ಅದರ ಜಾಗಕ್ಕೆ ಬಂದದ್ದು ಪಾಲ್ ಕ್ರೌಲಿ, ಎರಿಕ್ ಬಿಗ್ಗರ್ಸ್ ಮಾಡಿದ ಅಡಿಯಾಂಟಮ್. ಅದರ ಹೆಚ್ಚಿನ ಕೆಲಸ ಮಾಡೋದು ಚಾಚಾ ಅನ್ನೋ ವಿಧಾನ. (ನಮ್ಮ ಚಾಚಾ ಅಲ್ಲ ಮಾರಾಯ್ರೆ!) ಅದನ್ನ ರಚಿಸಿದ ಡೇನಿಯಲ್ ಬರ್ನ್‌ಸ್ಟೈನ್, ಗುಪ್ತಲಿಪಿ ಕೋಡು ಪ್ರಕಟಿಸೋ ಹಕ್ಕಿಗಾಗಿ 1995ರಲ್ಲೇ ಅಮೆರಿಕ ಸರ್ಕಾರದ ಮೇಲೆ ಕೇಸು ಹಾಕಿದ್ದವರು. ಅಗ್ಗದ ಚಿಪ್ಪಿನಲ್ಲಿ ಅಡಿಯಾಂಟಮ್ ಎಇಎಸ್‌ಗಿಂತ ಸುಮಾರು ಐದು ಪಟ್ಟು ವೇಗ. 2019ರಲ್ಲಿ ಕರ್ನಲ್ 5.0ಕ್ಕೆ ಬಂತು. ಅದೇ ವರ್ಷದ ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಬೀಗ ಕಡ್ಡಾಯ.

ಹುಡುಗನ ಫೋನಿನ ಸೆಟ್ಟಿಂಗ್ಸಲ್ಲಿ ಸೆಕ್ಯುರಿಟಿ ತೆಗೆದು ನೋಡಿದ್ವಿ. 'ಎನ್‌ಕ್ರಿಪ್ಟೆಡ್' ಅಂತ ಇತ್ತು. ನಿಮ್ಮದನ್ನೂ ನೋಡಿಕೊಳ್ಳಿ, ಹಳೇ ಫೋನಿದ್ದರೆ ಸಾಕ್ಷಿಗಳ ನಂಬರು ಅದರಲ್ಲಿ ಇಡಬೇಡಿ. ಅವನು ಇಟ್ಟಿದ್ದ ಪಿನ್ನು ಮಾತ್ರ 1234. ಅಲ್ಲೇ ಕೂರಿಸಿ ಬದಲಾಯಿಸಿಸ್ದೆ.