ಬ್ರೌಸರ್ ಹಳತಾದರೆ ಒಡೆಯುವುದು ಒತ್ತಕ್ಷರ

ಅಂತರ್ಜಾಲದಲ್ಲಿ ಕನ್ನಡ ಬೆಳೆದದ್ದನ್ನು ಫಾಂಟುಗಳ ಕಥೆಯಾಗಿ ಹೇಳುವುದು ಈಗ ರೂಢಿ. ‘ಬರಹ’ ತಂತ್ರಾಂಶ ಬಂತು, ‘ನುಡಿ’ ಬಂತು, ಕೊನೆಗೆ ಮೊಬೈಲ್ ಬಂದು ಎಲ್ಲ ಸರಿಹೋಯಿತು ಎನ್ನುತ್ತಾರೆ. ಈ ಕಥೆಯಲ್ಲಿ ಬ್ರೌಸರಿಗೆ ಜಾಗವೇ ಇಲ್ಲ. ಹಾಗಾಗಿ ನಮ್ಮ ರಾಯಚೂರು ಜಿಲ್ಲೆಯ ಕಲ್ಲೂರು, ಮಾನ್ವಿ, ದೇವದುರ್ಗದ ಕಡೆ ಹಳೆಯ ಕಂಪ್ಯೂಟರಿನಲ್ಲಿ ಪುಟ ತೆರೆಯದಿದ್ದರೆ ‘ಸರ್ವರ್ ಡೌನ್ ಅದ, ನಾಳಿ ಬರ್‍ರಿ’ ಎಂಬ ಉತ್ತರ ಸಿಗುತ್ತದೆ. ಎಷ್ಟೋ ಸಲ ಸರ್ವರ್ ನೆಟ್ಟಗೇ ಇರುತ್ತದೆ.

ಆರಂಭದ ಕಾಲವನ್ನು ಬೇಗ ದಾಟಬಹುದು. 1993ರಲ್ಲಿ ಮೊಸಾಯಿಕ್, ಮರುವರ್ಷ ನೆಟ್‌ಸ್ಕೇಪ್, 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದವು. ಎಲ್ಲ ಬ್ರೌಸರುಗಳಿಗೂ ಒಂದೇ ನಿಯಮವಿರಲಿ ಎಂದು ಡಬ್ಲ್ಯು3ಸಿ ಒಕ್ಕೂಟ ಹುಟ್ಟಿದ್ದು 1994ರಲ್ಲಿ. ಯು.ಬಿ. ಪವನಜ ಅವರ ‘ವಿಶ್ವ ಕನ್ನಡ’ 1996ರಲ್ಲೇ ಜಾಲಕ್ಕೆ ಬಂತು. ಆಗಿನ ಕನ್ನಡ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಅಡಗಿ ಕೂತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಟವೆಲ್ಲ ಗಜಿಬಿಜಿ. ಫಾಂಟನ್ನು ಪುಟದ ಜೊತೆಯಲ್ಲೇ ಕಳಿಸುವ ಉಪಾಯವೇನೋ ಬಂತು, ಆದರೆ ಎಕ್ಸ್‌ಪ್ಲೋರರಿಗೆ ಇಒಟಿ ಕಡತ ಬೇಕು, ನೆಟ್‌ಸ್ಕೇಪಿಗೆ ಪಿಎಫ್‌ಆರ್ ಬೇಕು. ಎರಡು ಕಂಪನಿಗಳ ಜಗಳಕ್ಕೆ ಕನ್ನಡದ ತಾಣದವರು ಎರಡೆರಡು ಸಲ ಅಡುಗೆ ಮಾಡಿದರು.

ಜಗಳದಲ್ಲಿ ಎಕ್ಸ್‌ಪ್ಲೋರರ್ ಗೆದ್ದಿತು, ಗೆದ್ದು ಮಲಗಿತು. 2001ರ ಆರನೇ ಆವೃತ್ತಿಯಾದ ಮೇಲೆ ಏಳನೆಯದು ಬಂದದ್ದು 2006ರಲ್ಲಿ. ಪ್ರತಿ ಲಿಪಿಗೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೂ ಇತ್ತು. ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟನ್ನೂ ತಂದಿತ್ತು. ಆದರೂ ಸಿ.ಡಿ. ಹಾಕಿ ಸಂಕೀರ್ಣ ಲಿಪಿಯ ಆಯ್ಕೆಗೆ ಟಿಕ್ ಮಾಡದಿದ್ದರೆ ಒತ್ತು ಅಕ್ಷರದ ಕೆಳಗೆ ಬರುತ್ತಿರಲಿಲ್ಲ. ಆ ಐದು ವರ್ಷಗಳಲ್ಲಿ ಕಟ್ಟಿದ ಕಚೇರಿ ತಾಣಗಳು ಡಬ್ಲ್ಯು3ಸಿಯ ನಿಯಮ ನೋಡಲಿಲ್ಲ, ಎಕ್ಸ್‌ಪ್ಲೋರರ್ 6ರ ವಕ್ರತೆಗಳನ್ನೇ ನಿಯಮವೆಂದುಕೊಂಡವು. ಅದರ ಫಲವನ್ನು ಬಹಳ ಕಾಲ ಉಂಡೆವು.

ನಮ್ಮ ತಲೆಮಾರಿನ ಕೆಲಸ ಶುರುವಾದದ್ದು ಇಲ್ಲಿಂದ. ಕನ್ನಡ ವಿಕಿಪೀಡಿಯ 2003ರಲ್ಲಿ, ಫೈರ್‌ಫಾಕ್ಸ್ 1.0 ಮರುವರ್ಷದ ನವೆಂಬರಿನಲ್ಲಿ ಬಂತು. ಬ್ಲಾಗು ಬರೆಯುವವರು ಯೂನಿಕೋಡ್ ಹಿಡಿದರು. ಫೈರ್‌ಫಾಕ್ಸ್ ಆಗ ಕನ್ನಡದ ಮಟ್ಟಿಗೆ ಚಿನ್ನವೇನೂ ಆಗಿರಲಿಲ್ಲ. ಲಿನಕ್ಸಿನಲ್ಲಿ ಪ್ಯಾಂಗೊ ಎಂಬ ಅಕ್ಷರ ಜೋಡಿಸುವ ತಂತ್ರಾಂಶವನ್ನು ನಾವೇ ಚಾಲೂ ಮಾಡಬೇಕಿತ್ತು. ಫೈರ್‌ಫಾಕ್ಸಿನ ಎರಡನೇ ಆವೃತ್ತಿಯಲ್ಲಂತೂ ಸಾಲುಗಳ ಎರಡೂ ಅಂಚು ಸಮವಾಗಲಿ ಎಂದು ‘ಜಸ್ಟಿಫೈ’ ಮಾಡಿದರೆ ಗುಣಿತ, ಒತ್ತು ಎಲ್ಲ ಬಿಡಿಬಿಡಿಯಾಗಿ ಉದುರುತ್ತಿದ್ದವು. ಹಿಂದಿಯವರದೂ ತಮಿಳರದೂ ಇದೇ ಗೋಳು. ವ್ಯತ್ಯಾಸವೆಂದರೆ ಆ ದೋಷ ಎಲ್ಲರಿಗೂ ಕಾಣುವ ಬಗ್‌ಜಿಲ್ಲಾ ಪಟ್ಟಿಯಲ್ಲಿತ್ತು. ಯಾರು ಬೇಕಾದರೂ ಚಿತ್ರ ಅಂಟಿಸಿ ವಾದಿಸಬಹುದಿತ್ತು. 2008ರ ಮೂರನೇ ಆವೃತ್ತಿಯಲ್ಲಿ ಅದು ಸರಿಯಾಯಿತು. ಎಕ್ಸ್‌ಪ್ಲೋರರಿನ ದೋಷಕ್ಕೆ ಅಂಥ ಕಟ್ಟೆ ಇರಲಿಲ್ಲ. ಅದೇ ವರ್ಷ ಬಂದ ಕ್ರೋಮ್ ವೇಗವಾಗಿತ್ತು, ನಿಜ. ಕನ್ನಡದ ವಿಷಯದಲ್ಲಿ ಅದಕ್ಕೆ ಸಲ್ಲುತ್ತಿರುವ ಕೀರ್ತಿ ಮಾತ್ರ ಸ್ವಲ್ಪ ಹೆಚ್ಚೇ.

ಮೊಬೈಲಿನಲ್ಲಿ ಕನ್ನಡ ತಾನಾಗಿ ಬಂತೆಂಬುದೂ ಸುಳ್ಳು. ಗುಂಡಿಯ ಫೋನಿನಲ್ಲಿ ಒಪೆರಾ ಮಿನಿ ಹಾಕಿಕೊಂಡು, ಅದರ ಒಳಸೆಟ್ಟಿಂಗಿಗೆ ಹೋಗಿ, ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂದು ಬದಲಿಸಿದವರೇ ಕನ್ನಡದ ಮೊದಲ ಮೊಬೈಲ್ ಓದುಗರು. ಒಪೆರಾದ ಸರ್ವರು ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಆಂಡ್ರಾಯ್ಡ್ ಕನ್ನಡದ ಹೆಸರೆತ್ತಿದ್ದು 2012ರಲ್ಲಿ, 4.1ನೇ ಆವೃತ್ತಿಯೊಂದಿಗೆ. ಜಾಲದ ಫಾಂಟುಗಳಿಗೆ ವೋಫ್ ಎಂಬ ಒಂದೇ ಮಾನಕ ಅಧಿಕೃತವಾದದ್ದೂ ಆ ವರ್ಷವೇ. ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮೂರರಲ್ಲೂ ಒತ್ತು ಕೂರಿಸುವುದು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶ. ಅಲ್ಲಿ ಒಂದು ತಪ್ಪು ತಿದ್ದಿದರೆ ಮೂರು ಕಡೆ ಕನ್ನಡ ತಿದ್ದಿದಂತೆ.

ಹಳೆಯ ಬ್ರೌಸರಿಗೆ ಈ ತಿದ್ದುಪಡಿ ತಲುಪುವುದಿಲ್ಲ. ಭದ್ರತೆಯ ಮಾತು ಬೇರೆ. ತಾಣದ ಜೊತೆಗಿನ ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್‌ನ ಮೊದಲ ಎರಡು ಆವೃತ್ತಿಗಳನ್ನು 2020ರಲ್ಲಿ ದೊಡ್ಡ ಬ್ರೌಸರುಗಳು ಕೈಬಿಟ್ಟವು. ಅವುಗಳ ಮುಂದಿನದು ಗೊತ್ತಿಲ್ಲದ ಬ್ರೌಸರಿನಲ್ಲಿ ಈಗಿನ ಬಹುಪಾಲು ತಾಣಗಳು ತೆರೆಯುವುದೇ ಇಲ್ಲ. ‘ಸರ್ವರ್ ಡೌನ್’ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ವಿಂಡೋಸ್ 7ಕ್ಕೆ ಕ್ರೋಮ್ 109ನೆಯದೇ ಕೊನೆ, 2023ರಲ್ಲಿ ಬಾಗಿಲು ಮುಚ್ಚಿತು. ಹೊಸ ಯಂತ್ರ ಕೊಳ್ಳಲು ದುಡ್ಡಿಲ್ಲದ ಶಾಲೆ, ಅಂಗಡಿಗಳಿಗೆ ಹಗುರವಾದ ಲಿನಕ್ಸ್ ಹಾಕಿಕೊಡಬಹುದು. ಅದೇ ಯಂತ್ರದಲ್ಲಿ ಇವತ್ತಿನ ಫೈರ್‌ಫಾಕ್ಸ್ ಓಡುತ್ತದೆ. ಹೇಳಿಕೊಡುವವರಿಲ್ಲ, ಅಷ್ಟೇ.

ತಪ್ಪೆಲ್ಲ ಬಳಕೆದಾರನದೂ ಅಲ್ಲ. ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತವಾಯಿತು, ಆದರೆ ಹಳೆಯ ತಾಣಗಳಿಗಾಗಿ ಎಡ್ಜ್ ಬ್ರೌಸರಿನೊಳಗೆ ‘ಐಇ ಮೋಡ್’ ಆಗಿ 2029ರವರೆಗಾದರೂ ಉಸಿರಾಡಲಿದೆ. ಬೇರೆಬೇರೆ ಬ್ರೌಸರುಗಳಲ್ಲಿ ಪರೀಕ್ಷಿಸಿ ಎಂದು ಸರ್ಕಾರಿ ತಾಣಗಳಿಗೆ ಕೇಂದ್ರದ ಮಾರ್ಗಸೂಚಿ ಹೇಳಿದ್ದು 2009ರಲ್ಲಿ. ಅದನ್ನು ಓದಿದವರು ಎಷ್ಟು ಜನವೋ. ಈಗ ‘ಕ್ರೋಮ್‌ನಲ್ಲೇ ತೆರೆಯಿರಿ’ ಎಂಬ ಸೂಚನೆ ನೋಡಿದಾಗಲೆಲ್ಲ ಎಕ್ಸ್‌ಪ್ಲೋರರ್ 6ರ ಕಾಲದ ವಾಸನೆ ಬರುತ್ತದೆ.

ಮಾನಕಗಳಲ್ಲೂ ನಮ್ಮ ಜಾಗ ಖಾಲಿ ಇದೆ. ಪರದೆಯ ಮೇಲೆ ಒಂದು ಅಕ್ಷರ ಎಲ್ಲಿ ಮುಗಿಯುತ್ತದೆ ಎಂದು ಬ್ರೌಸರ್ ಕೇಳುವುದು ಯೂನಿಕೋಡ್ ನಿಯಮವನ್ನು. ಸಂಯುಕ್ತಾಕ್ಷರವನ್ನು ತುಂಡರಿಸದೆ ಒಂದೇ ಘಟಕವಾಗಿ ಎಣಿಸಬೇಕೆಂದು 2023ರ 15.1ನೇ ಆವೃತ್ತಿಯಲ್ಲಿ ಆ ನಿಯಮ ತಿದ್ದಿದರು. ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ ಇವೆ. ನಮ್ಮ ರಾಯಚೂರಿನ ಪಕ್ಕದ ತೆಲುಗೂ ಇದೆ. ಕನ್ನಡವಿಲ್ಲ. ಆ ನಿಯಮವನ್ನು ಅಕ್ಷರಶಃ ಪಾಲಿಸುವ ತಂತ್ರಾಂಶಕ್ಕೆ ‘ಸ್ತ್ರೀ’ ಈಗಲೂ ಒಂದಲ್ಲ, ಮೂರು ತುಂಡು. ಯೂನಿಕೋಡ್ ಒಕ್ಕೂಟಕ್ಕೆ ಯಾರು ಬೇಕಾದರೂ ಲಿಖಿತ ಪ್ರಸ್ತಾವ ಕಳಿಸಬಹುದು, ಅದಕ್ಕೆ ಶುಲ್ಕವಿಲ್ಲ.