ದಾಖಲೆಗೆ ಸೇರದ ಹಟ್ಟಿ, ತಾಂಡಾ, ಪಾಳ್ಯಗಳಲ್ಲಿ ನಿವಾಸಿಗಳ ಸಂಘ: ರಚನೆ, ಕಾರ್ಯವ್ಯಾಪ್ತಿ ಮತ್ತು ಎಚ್ಚರಿಕೆಗಳು

ಕಂದಾಯ ದಾಖಲೆಗಳಲ್ಲಿ ಸ್ವತಂತ್ರ ಗ್ರಾಮವೆಂದು ನಮೂದಾಗದ ಜನವಸತಿಗಳು ನಮ್ಮ ರಾಜ್ಯದ ಅನೇಕ ಜಿಲ್ಲೆಗಳಲ್ಲಿವೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿ, ವಡ್ಡರಹಟ್ಟಿ, ಮಜರೆ ಗ್ರಾಮ, ಹಾಡಿ, ದೊಡ್ಡಿ, ಪಾಳ್ಯ, ಕಾಲೊನಿ ಎಂದು ಅವುಗಳಿಗೆ ಪ್ರದೇಶಕ್ಕೊಂದು ಹೆಸರು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅವು ಕ್ಯಾಂಪುಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಪೋಡುಗಳು. ಹೆಸರು ಯಾವುದಾದರೂ ತೊಡಕು ಒಂದೇ. ಮನೆಗಳಿವೆ, ಹೊಲಗಳಿವೆ, ಮತದಾರರಿದ್ದಾರೆ. ಆದರೆ ಊರು ಮಾತ್ರ ಕಾಗದದಲ್ಲಿಲ್ಲ. ಮನೆ ನಿಂತ ಜಾಗ ಬೇರೊಬ್ಬರ ಇಲ್ಲವೆ ಸರ್ಕಾರದ ಸರ್ವೆ ನಂಬರಿನಲ್ಲಿರುತ್ತದೆ. ರಸ್ತೆ, ಸ್ಮಶಾನ, ಜಾನುವಾರು ತೊಟ್ಟಿ ಯಾವುದನ್ನು ಕೇಳಿದರೂ ಅದು ಮೂಲ ಗ್ರಾಮದ ಲೆಕ್ಕಕ್ಕೆ ಸೇರಿ ಅಲ್ಲಿಯೇ ಉಳಿಯುತ್ತದೆ.

ಇಂತಹ ಜನವಸತಿಗಳು ಆಡಳಿತದ ಹೊರಗಿವೆ ಎಂದು ಭಾವಿಸಬಾರದು. ಪ್ರತಿಯೊಂದೂ ಯಾವುದಾದರೊಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಒಳಪಟ್ಟಿರುತ್ತದೆ. ಕೊರತೆ ಇರುವುದು ಪ್ರಾತಿನಿಧ್ಯದಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯು 400 ಜನಸಂಖ್ಯೆಗೆ ಒಬ್ಬ ಸದಸ್ಯನೆಂಬ ಅಳತೆಯನ್ನು ಇಟ್ಟುಕೊಂಡಿದೆ. ಐವತ್ತು ಅರವತ್ತು ಮನೆಗಳ ಹಟ್ಟಿಯೊಂದು ಈ ಅಳತೆಯಲ್ಲಿ ತನ್ನದೇ ಸದಸ್ಯನನ್ನು ಆರಿಸಿಕೊಳ್ಳುವುದು ಕಷ್ಟ. ಪಕ್ಕದ ದೊಡ್ಡ ಊರಿನ ಮತಗಳ ನಡುವೆ ಅದರ ಮತಗಳು ಕರಗಿಹೋಗುತ್ತವೆ. ಈ ಕೊರತೆಯನ್ನು ತುಂಬಲು ನಿವಾಸಿಗಳು ತಾವಾಗಿಯೇ ಕಟ್ಟಿಕೊಳ್ಳುವ ಸಂಘವು ನೆರವಾಗಬಲ್ಲದು. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19(1)(ಸಿ) ವಿಧಿಯೇ ಕೊಟ್ಟಿರುವುದರಿಂದ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹಳೆಯ ಬೇರು

ಊರೊಟ್ಟಿನ ಕೆಲಸ ನಮಗೆ ಹೊಸದಲ್ಲ. ನಾಟಿ, ಕಳೆ, ಒಕ್ಕಣೆಗಳಲ್ಲಿ ಮುಯ್ಯಾಳು ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಬಯಲುಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಇಳಿಸುವ ನೀರುಗಂಟಿಯು ರೈತರಿಂದ ಕಾಳಿನ ರೂಪದಲ್ಲಿ ಆಯ ಪಡೆದು, ಮೇಲಿನ ಗದ್ದೆ ಕೆಳಗಿನ ಗದ್ದೆ ಎನ್ನದೆ ನೀರು ಹಂಚುತ್ತಿದ್ದನು. ಮಳೆ ಕೈಕೊಟ್ಟ ವರ್ಷದಲ್ಲಿ ಇಡೀ ಅಚ್ಚುಕಟ್ಟನ್ನು ಬಿತ್ತದೆ, ಕೆರೆಗೆ ಹತ್ತಿರದ ಭಾಗದಲ್ಲಿ ಪ್ರತಿಯೊಬ್ಬ ಹಿಡುವಳಿದಾರನಿಗೂ ಅವನ ಪಾಲಿಗೆ ತಕ್ಕಷ್ಟು ಜಾಗ ಗೊತ್ತುಪಡಿಸುವ ದಾಮಾಶಾ ಎಂಬ ಕ್ರಮವೂ ಇತ್ತು. ತಾಂಡಾಗಳಲ್ಲಿ ನಾಯಕ, ಕಾರಭಾರಿ, ಡಾವೋ ಎಂಬ ಹೊಣೆಗಾರರಿದ್ದಾರೆ.

ಈ ಪದ್ಧತಿಗಳ ಗುಣವನ್ನು ಹೊಗಳುವಾಗ ಅವುಗಳ ದೋಷವನ್ನು ಮರೆಯುವುದು ವಾಡಿಕೆ. ಹಿಡುವಳಿ ಇದ್ದವನಿಗೆ ಅಲ್ಲಿ ಮಾತಿತ್ತು. ಇಲ್ಲದವನಿಗೆ, ಹೆಣ್ಣುಮಕ್ಕಳಿಗೆ, ಕೆಳಗಿನ ಕೇರಿಯವರಿಗೆ ಇರಲಿಲ್ಲ. ನೀರುಗಂಟಿಯೇ ಎಷ್ಟೋ ಕಡೆ ಪರಿಶಿಷ್ಟ ಜಾತಿಯವನು; ನೀರು ಹಂಚುವ ಕೈ ಅವನದು, ತೀರ್ಮಾನ ಬೇರೆಯವರದು. ಹೊಸ ಸಂಘ ಈ ಹಳೆಯ ಅಚ್ಚಿನಲ್ಲಿಯೇ ಬೀಳದಂತೆ ನೋಡಿಕೊಳ್ಳುವುದು ರಚನೆಯ ಮೊದಲ ಕೆಲಸ.

ಸದಸ್ಯತ್ವ ಮತ್ತು ವಂತಿಗೆ

ಸದಸ್ಯತ್ವವನ್ನು ಪಹಣಿಯ ಮೇಲೆ ನಿರ್ಧರಿಸಬೇಡಿ. ಜನವಸತಿಯಲ್ಲಿ ವಾಸವಿರುವ ಪ್ರತಿ ಮನೆಯೂ, ಆ ಮನೆಯ ವಯಸ್ಕರೆಲ್ಲರೂ ಸದಸ್ಯರಾಗುವಂತೆ ನಿಯಮ ಬರೆಯಿರಿ. ಕಾಫಿ ಸೀಮೆಗೋ ಬೆಂಗಳೂರಿಗೋ ಕಬ್ಬಿನ ಕಟಾವಿಗೋ ವರ್ಷದಲ್ಲಿ ಕೆಲವು ತಿಂಗಳು ಗುಳೆ ಹೋಗುವ ಕುಟುಂಬಗಳ ಹೆಸರನ್ನು ಕೈಬಿಡಬಾರದು. ಮನೆಗಳ ಪಟ್ಟಿ ತಯಾರಿಸುವಾಗ ಅವರು ಊರಿನಲ್ಲಿರುವ ಹಬ್ಬದ ಸಮಯವನ್ನು ಆರಿಸಿಕೊಳ್ಳುವುದು ಮೇಲು. ಮುಂದೆ ಹಕ್ಕುಪತ್ರದ ವಿಚಾರ ಬಂದಾಗ ಈ ಪಟ್ಟಿಯನ್ನೇ ಎಲ್ಲರೂ ಹುಡುಕುವುದರಿಂದ ಒಂದು ಹೆಸರು ಬಿಟ್ಟುಹೋದರೆ ಒಂದು ಮನೆಯೇ ಬಿಟ್ಟುಹೋದಂತೆ.

ವಂತಿಗೆಯ ಅಳತೆ ಕೆಲಸಕ್ಕೆ ತಕ್ಕಂತೆ ಬದಲಾಗಬೇಕು. ಕುಡಿಯುವ ನೀರಿನ ಮೋಟಾರು ಕೆಟ್ಟಾಗ ಬಳಸಲು ಒಂದು ನಿಧಿ ಬೇಕೆಂದರೆ ಅದು ಮನೆಗೆ ಇಷ್ಟು ಎಂದಿರಲಿ. ಉದಾಹರಣೆಗೆ 60 ಮನೆಗಳಿಂದ ತಿಂಗಳಿಗೆ 30 ರೂಪಾಯಿಯಂತೆ ಕೂಡಿಸಿದರೆ ವರ್ಷಕ್ಕೆ 21,600 ರೂಪಾಯಿ ಆಗುತ್ತದೆ. ಸಣ್ಣಪುಟ್ಟ ದುರಸ್ತಿಗೆ ಯಾರ ಮನೆಯ ಬಾಗಿಲಿಗೂ ಹೋಗಬೇಕಾಗುವುದಿಲ್ಲ. ಕಾಲುವೆ ಅಥವಾ ಬಂಡಿ ದಾರಿಯ ದುರಸ್ತಿಯಾದರೆ ಲಾಭ ಜಮೀನಿಗೆ ಸಲ್ಲುವುದರಿಂದ ಎಕರೆವಾರು ವಂತಿಗೆ ನ್ಯಾಯ. ಭೂಮಿಯಿಲ್ಲದ ಮನೆಯಿಂದ ಹೊಲದ ದಾರಿಗೆ ಪುಕ್ಕಟೆ ಶ್ರಮದಾನ ಮಾಡಿಸಿ ಅದನ್ನು ಒಗ್ಗಟ್ಟು ಎಂದು ಕರೆಯುವುದು ಸರಿಯಲ್ಲ. ಆಳಿನ ದಿನಕ್ಕೆ ಒಂದು ಬೆಲೆ ಕಟ್ಟಿ ಜಮಾ ಪುಸ್ತಕದಲ್ಲಿ ಅವರ ಹೆಸರಿಗೆ ಬರೆಯಿರಿ.

ಇಲ್ಲೊಂದು ಗೆರೆ ಇದೆ. ತೆರಿಗೆ ಮತ್ತು ನೀರಿನ ಕರ ವಿಧಿಸುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ, ಸಂಘಕ್ಕಿಲ್ಲ. ಸಂಘ ಪಡೆಯುವುದು ಒಪ್ಪಿಗೆಯ ವಂತಿಗೆ ಮಾತ್ರ. ಕೊಡದವರ ನಲ್ಲಿ ಕೀಳುವುದು, ಅಂಗಡಿಯಲ್ಲಿ ಸಾಮಾನು ಕೊಡದಂತೆ ಕಟ್ಟು ಮಾಡುವುದು, ಕೂಲಿಗೆ ಕರೆಯದಿರುವುದು ಸಂಘದ ಅಧಿಕಾರದೊಳಗೆ ಬರುವುದೇ ಇಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರ ಮೇಲೆ ಸಾಮಾಜಿಕ ಇಲ್ಲವೆ ಆರ್ಥಿಕ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ತಪ್ಪುದಂಡ ಹಾಕುವ ಹಳೆಯ ಕಟ್ಟೆಪಂಚಾಯಿತಿಗೆ ಸಂಘದ ಮೊಹರು ಸಿಕ್ಕರೆ ಆಗುವ ಕೇಡು, ಸಂಘವೇ ಇಲ್ಲದಿರುವಾಗಿನ ಕೇಡಿಗಿಂತ ದೊಡ್ಡದು. ಜಗಳ, ಮದುವೆ, ನಡತೆಗಳ ತೀರ್ಮಾನ ಸಂಘದ ಉದ್ದೇಶಗಳಲ್ಲಿ ಸೇರಿಲ್ಲವೆಂದು ನಿಯಮಾವಳಿಯಲ್ಲಿಯೇ ಬರೆದಿಡಿ.

ನೋಂದಣಿ ಬೇಕೆ?

ಆರಂಭದಲ್ಲಿ ಬೇಕಿಲ್ಲ. ಒಂದು ನಡಾವಳಿ ಪುಸ್ತಕ, ಒಂದು ಜಮಾ-ಖರ್ಚಿನ ಪುಸ್ತಕ, ರಸೀದಿ ಪುಸ್ತಕ ಇಷ್ಟನ್ನು ಒಂದು ವರ್ಷ ತಪ್ಪದೆ ನಡೆಸಿ ನೋಡಿ. ಅಷ್ಟು ಸಾಧ್ಯವಾಗದಿದ್ದರೆ ನೋಂದಣಿಯಿಂದ ಪ್ರಯೋಜನವಿಲ್ಲ. ಹಣ ಬೆಳೆದಾಗ, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ಅಥವಾ ಆಸ್ತಿ ಬೇಕಾದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಹದಿನೆಂಟು ದಾಟಿದ ಏಳು ಮಂದಿ ಸೇರಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಅರ್ಜಿ ಹಾಕಬಹುದು. ಭೂಮಿ, ನೀರು, ಅರಣ್ಯ ಮೊದಲಾದ ಸಂಪನ್ಮೂಲಗಳ ಸಂರಕ್ಷಣೆ ಮತ್ತು ಸದ್ಬಳಕೆಯು ಆ ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ಸೇರಿದೆ. ನೋಂದಣಿಯ ನಂತರ ವಾರ್ಷಿಕ ಮಹಾಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರಗಳನ್ನು ಸಲ್ಲಿಸಬೇಕಾಗುತ್ತದೆ. ಎಷ್ಟೋ ಸಂಘಗಳು ಸೊರಗುವುದು ಇಲ್ಲಿಯೇ. ಕಾಲುವೆ ಅಚ್ಚುಕಟ್ಟಿನ ನೀರಿನ ನಿರ್ವಹಣೆಯೇ ಮುಖ್ಯವಾದರೆ ದಾರಿ ಬೇರೆ; ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯಂತೆ ನೀರು ಬಳಕೆದಾರರ ಸಹಕಾರ ಸಂಘವಾಗಿ ಸಹಕಾರ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು.

ಪಂಚಾಯಿತಿಯೊಡನೆ ಸಂಬಂಧ

ಸಂಘದ ನಿಜವಾದ ಬಲ ಅದರ ಠರಾವು ಎಲ್ಲಿಗೆ ತಲುಪುತ್ತದೆ ಎಂಬುದರಲ್ಲಿದೆ. 2015ರ ತಿದ್ದುಪಡಿಯಿಂದ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂದು ಹೆಸರು ಬದಲಾದ ನಮ್ಮ ಕಾಯ್ದೆಯಲ್ಲಿ ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ ಎಂಬ ಮೂರು ಮೆಟ್ಟಿಲುಗಳಿವೆ. ಇವುಗಳಲ್ಲಿ ಕೆಳಗಿನದೇ ಹಟ್ಟಿ ತಾಂಡಾಗಳಿಗೆ ಅತ್ಯಂತ ಉಪಯುಕ್ತ. ಹೆಚ್ಚಿನವರಿಗೆ ತಿಳಿಯದಿರುವುದೂ ಅದೇ. ಸಂಘದ ಸಭೆಯನ್ನು ಜನವಸತಿ ಸಭೆಗೆ ಮುಂಚಿನ ವಾರ ಇಟ್ಟುಕೊಂಡು, ಬೇಡಿಕೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ಸಿದ್ಧಪಡಿಸಿರಿ. ಹತ್ತು ಬೇಡಿಕೆಗಳಿಗಿಂತ ಸರ್ವೆ ನಂಬರು, ಅಳತೆ, ಫಲಾನುಭವಿ ಮನೆಗಳ ಸಂಖ್ಯೆ ಸಹಿತ ಬರೆದ ಎರಡು ಬೇಡಿಕೆಗಳಿಗೆ ತೂಕ ಹೆಚ್ಚು. ಅವು ವಾರ್ಡ್ ಸಭೆಯ ನಡಾವಳಿಗೆ, ಅಲ್ಲಿಂದ ಗ್ರಾಮ ಸಭೆಗೆ ಏರಿದವೇ ಎಂದು ನೋಡಿಕೊಳ್ಳುವ ಹೊಣೆಯನ್ನು ಇಬ್ಬರಿಗೆ ವಹಿಸಿ, ಅವರಲ್ಲೊಬ್ಬರು ಮಹಿಳೆಯಾಗಿರಲಿ. ಪಂಚಾಯಿತಿಗೆ ಕೊಟ್ಟ ಪ್ರತಿ ಪತ್ರಕ್ಕೂ ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪತ್ರದ ಮೇಲಿನ ಕ್ರಮವನ್ನು ಕೇಳಬಹುದು. ಮೂವತ್ತು ದಿನಗಳಲ್ಲಿ ಮಾಹಿತಿ ಕೊಡಬೇಕೆಂಬುದು ನಿಯಮ.

ಸಣ್ಣ ವಸತಿಯೊಂದು ಈ ಕ್ರಮದಲ್ಲಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಎಂಬ ಗೊಂಡರ ಊರನ್ನು ನೋಡಬಹುದು. ಲೇಖಾ ಗ್ರಾಮ ಪಂಚಾಯಿತಿಗೆ ಸೇರಿದ ಈ ಊರು ತನ್ನದೇ ಸಭೆಯನ್ನು ನಡೆಸುತ್ತ, ಬಹುಮತದಿಂದಲ್ಲದೆ ಸರ್ವಸಮ್ಮತಿಯಿಂದ ತೀರ್ಮಾನಿಸುವ ರೂಢಿ ಬೆಳೆಸಿಕೊಂಡಿತು. ತೀರ್ಮಾನಕ್ಕೆ ಮೊದಲು ವಿಷಯವನ್ನು ಕೂತು ಓದಿ ಚರ್ಚಿಸುವ ಅಧ್ಯಯನ ಗುಂಪುಗಳೂ ಅಲ್ಲಿದ್ದವು. 2009ರಲ್ಲಿ ಅದಕ್ಕೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. 2011ರಲ್ಲಿ ಬಿದಿರು ಸಾಗಣೆಯ ಪರವಾನಗಿ ಕೊಡುವ ಅಧಿಕಾರವೂ ಸಭೆಗೆ ಬಂದಿತು. ಅದೇ 2011ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೂ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ಸರ್ವಸಮ್ಮತಿ ಎಲ್ಲೆಡೆಯೂ ನಡೆಯುವುದಿಲ್ಲ. ಒಂದೇ ಸಮುದಾಯದ ಚಿಕ್ಕ ಊರಿನಲ್ಲಿ ಅದು ಸಾಧ್ಯ. ಹಲವು ಜಾತಿಗಳಿರುವ ಪಾಳ್ಯದಲ್ಲಿ, ಬಲವುಳ್ಳವನೊಬ್ಬ ಒಪ್ಪದೆ ಕೂತು ಕೆಲಸ ನಿಲ್ಲಿಸಲು ಅದೇ ದಾರಿಯಾಗಬಹುದು. ಎರಡು ಸಭೆಗಳಲ್ಲಿ ಒಮ್ಮತ ಬಾರದಿದ್ದರೆ ಮೂರನೆಯದರಲ್ಲಿ ಗುಪ್ತ ಮತದಾನ ಎಂಬಂತಹ ನಿಯಮ ಹೆಚ್ಚು ಸುರಕ್ಷಿತ.

ಹಕ್ಕುಪತ್ರ ಮತ್ತು ಕಂದಾಯ ಗ್ರಾಮ

ಸಂಘದ ಮುಂದಿರುವ ಅತ್ಯಂತ ದೊಡ್ಡ ಕೆಲಸ ಇದೇ. ದಾಖಲೆ ರಹಿತ ಜನವಸತಿಯ ಮನೆಗಳು ಖಾಸಗಿ ಜಮೀನಿನಲ್ಲಿದ್ದರೆ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 38-ಎ ಕಲಂ, ಸರ್ಕಾರಿ ಜಮೀನಿನಲ್ಲಿದ್ದರೆ ಭೂ ಕಂದಾಯ ಕಾಯ್ದೆಯ 94-ಡಿ ಕಲಂ ಅನ್ವಯವಾಗುತ್ತದೆ. ಅರಣ್ಯದಲ್ಲಿದ್ದರೆ ಈ ಎರಡೂ ಅಲ್ಲ, 2006ರ ಅರಣ್ಯ ಹಕ್ಕು ಕಾಯ್ದೆ. ಸರ್ವೆಯಾಗದ ಊರುಗಳನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸುವ ಹಕ್ಕನ್ನು ಅದರ 3(1)(ಎಚ್) ಕಲಂ ಹೇಳುತ್ತದೆ. ಆ ಕಾಯ್ದೆಯ ಗ್ರಾಮ ಸಭೆಗೆ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಹಾಜರಿರಬೇಕು, ಹಾಜರಾದವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಯಾವ ಮನೆ ಯಾವ ಬಗೆಯ ಜಮೀನಿನಲ್ಲಿದೆ ಎಂಬುದನ್ನು ತಿಳಿಯದೆ ಎಲ್ಲರಿಂದಲೂ ಒಂದೇ ನಮೂನೆಯ ಅರ್ಜಿ ಹಾಕಿಸಿದರೆ ಅರ್ಧದಷ್ಟು ಅಲ್ಲಿಯೇ ಬಿದ್ದುಹೋಗುತ್ತವೆ. ಆದ್ದರಿಂದ ಗ್ರಾಮ ಆಡಳಿತ ಅಧಿಕಾರಿಯವರ ನೆರವಿನಿಂದ ಮನೆವಾರು ನಕ್ಷೆಯೊಂದನ್ನು ಮೊದಲು ಮಾಡಿಸಿ. ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಮತದಾರರ ಪಟ್ಟಿಯ ಪ್ರತಿ ಮುಂತಾಗಿ ವಾಸವನ್ನು ತೋರಿಸುವ ಹಳೆಯ ಕಾಗದಗಳನ್ನು ಮನೆಗೊಂದು ಲಕೋಟೆಯಂತೆ ಕೂಡಿಡಿ. ಮೂಲ ಪ್ರತಿ ಮನೆಯವರ ಬಳಿಯೇ ಇರಲಿ. ಅರ್ಜಿಯ ಹೆಸರಿನಲ್ಲಿ ಹಣ ಕೇಳುವ ಮಧ್ಯವರ್ತಿಗಳು ಈ ಹಂತದಲ್ಲಿಯೇ ಊರು ಪ್ರವೇಶಿಸುತ್ತಾರೆ. ಸಂಘದ ರಸೀದಿಯಿಲ್ಲದೆ ಯಾರಿಗೂ ಹಣ ಕೊಡಬಾರದೆಂದು ಠರಾವು ಮಾಡಿ ಅಂಗನವಾಡಿಯ ಗೋಡೆಗೆ ಅಂಟಿಸಿ. ತಾಂಡಾಗಳವರು 2009ರಲ್ಲಿ ಸ್ಥಾಪನೆಯಾದ ತಾಂಡಾ ಅಭಿವೃದ್ಧಿ ನಿಗಮವನ್ನೂ ವಿಚಾರಿಸಬಹುದು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ತರಬೇತಿ, ಪ್ರಾತ್ಯಕ್ಷಿಕೆಗಳನ್ನು ಮೂಲ ಗ್ರಾಮದ ಶಾಲೆಯಲ್ಲಿ ಇಟ್ಟು ಹಟ್ಟಿಯವರು ಬರಲಿಲ್ಲವೆಂದು ವರದಿ ಬರೆಯಬೇಡಿ. ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ, ಅವರ ಕಟ್ಟೆಯ ಹತ್ತಿರವೇ ಸಭೆ ಕರೆದರೆ ಹೆಣ್ಣುಮಕ್ಕಳೂ ಬರುತ್ತಾರೆ. ಸಂಘದ ಪದಾಧಿಕಾರಿಯಾಗುವುದು, ಲೆಕ್ಕ ಬರೆದುಕೊಡುವುದು ನಿಮ್ಮ ಕೆಲಸವಲ್ಲ. ನಿಮಗೆ ವರ್ಗವಾದ ದಿನ ಪುಸ್ತಕವೂ ನಿಂತುಹೋಗುತ್ತದೆ. ಊರಿನಲ್ಲಿ ಪಿಯುಸಿ ಓದಿದ ಒಬ್ಬ ಹುಡುಗಿಗೆ ಒಂದು ದಿನ ಕೂತು ಜಮಾ-ಖರ್ಚು ಕಲಿಸಿ.

ಜನವಸತಿಯು ಕಂದಾಯ ಗ್ರಾಮವೆಂದು ಘೋಷಿತವಾದ ಮಾತ್ರಕ್ಕೆ ಸಂಘ ತಾನಾಗಿ ರದ್ದಾಗುವುದಿಲ್ಲ. ಮಹಾಸಭೆಯಲ್ಲಿ ಊರಿನ ಹೆಸರು ಮತ್ತು ಎಲ್ಲೆಗಳನ್ನು ತಿದ್ದಿಕೊಂಡು ಮುಂದುವರಿಯಬಹುದು. ಮುಚ್ಚುವುದೇ ಆದರೆ ನೋಂದಾಯಿತ ಸಂಘದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಅಂತಹುದೇ ಉದ್ದೇಶದ ಬೇರೊಂದು ಸಂಘಕ್ಕೆ ಹೋಗಬೇಕು. ಸ್ಪ್ರೇಯರು, ಶಾಮಿಯಾನ, ಅಡುಗೆ ಪಾತ್ರೆ, ಬಿಡಿ ಮೋಟಾರು ಮೊದಲಾಗಿ ವಂತಿಗೆಯಿಂದ ಕೊಂಡ ಪ್ರತಿಯೊಂದನ್ನೂ ಕೊಂಡ ದಿನವೇ ದಾಸ್ತಾನು ಪುಸ್ತಕದಲ್ಲಿ ಬರೆದು, ಅದು ಯಾರ ಮನೆಯಲ್ಲಿದೆ ಎಂಬುದಕ್ಕೆ ಅವರ ಸಹಿ ಪಡೆದಿರಬೇಕು.