ಗುದಡಿ: ನಮ್ಮ ತಾಯಂದಿರು ಹೊಲಿದಿಟ್ಟ ಇತಿಹಾಸ

ಇಶಾ ನಮಾಝ್ ಮುಗಿದು ಉದಯಗಿರಿಯ ಟೈಲರ್ ಅಂಗಡಿಗಳು ಒಂದೊಂದಾಗಿ ಮುಚ್ಚುವ ಹೊತ್ತಿಗೆ ಬಾಗಿಲ ಬಳಿ ಒಂದೊಂದು ಚೀಲ ಬಂದು ಕೂರುತ್ತದೆ. ಅದರ ತುಂಬ ದಿನವಿಡೀ ಕತ್ತರಿಯಿಂದ ಉದುರಿದ ಬಟ್ಟೆಯ ಚೂರುಗಳು. ಶಾಲಾ ಸಮವಸ್ತ್ರದ ನೀಲಿ, ಸಲ್ವಾರಿನ ಹೂಬಟ್ಟೆ, ಬುರ್ಖಾದ ಕಪ್ಪು, ರಮಝಾನಿನ ದಿನಗಳಲ್ಲಾದರೆ ಕುರ್ತಾದ ಬಿಳಿ. ಬೆಳಗ್ಗೆ ಕಸದ ಗಾಡಿ ಅದನ್ನು ಒಯ್ಯುತ್ತದೆ. ನನ್ನ ಬಾಲ್ಯದಲ್ಲಿ ಆ ಚೀಲ ಕಸಕ್ಕೆ ಹೋಗುತ್ತಿರಲಿಲ್ಲ. ಅಮ್ಮಿ ನನ್ನನ್ನು ಕಳುಹಿಸಿ ಅದನ್ನು ತರಿಸಿಕೊಳ್ಳುತ್ತಿದ್ದರು. ನಮ್ಮ ಮನೆಯ ದಖ್ಖನಿ ಮಾತಿನಲ್ಲಿ ಗುದಡಿ ಎನ್ನುವ, ಉತ್ತರ ಕರ್ನಾಟಕದವರು ಕೌದಿ ಎನ್ನುವ ಆ ಹೊದಿಕೆ ಹುಟ್ಟುತ್ತಿದ್ದುದು ಅಲ್ಲಿಂದ.

ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅಮ್ಮಿಯ ಕೈಯಿಂದ ಒಂದು ಸಣ್ಣ ಗುದಡಿ ಹೋಗುವುದು ವಾಡಿಕೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಸಂಬಂಧಿಕರ ಮನೆಯೊಂದಕ್ಕೆ ಹಾಗೆಯೇ ಒಯ್ದು ಕೊಟ್ಟಾಗ ಒಬ್ಬರು ನಗುತ್ತಲೇ ಕೇಳಿದರು: “ಹೊಸ ಮಗುವಿಗೆ ಹಳೇ ಬಟ್ಟೆಯೇ?” ಅಮ್ಮಿ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಸೂಜಿಯನ್ನೂ ಹಿಡಿಯಲಿಲ್ಲ. ಆ ಪ್ರಶ್ನೆಗೆ ನಾನು ಅಂದೇ ಉತ್ತರ ಕೊಡಬೇಕಿತ್ತು. ಹದೀಸ್ ಕಲಿಸುವವನಾಗಿಯೂ ಮೌನವಾಗಿದ್ದೆ. ತಡವಾಗಿ ಈಗ ಬರೆಯುತ್ತಿದ್ದೇನೆ.

ತೇಪೆಯ ಬಟ್ಟೆಯನ್ನು ಅವಮಾನವೆಂದು ಬಗೆಯುವುದು ನಮ್ಮ ಪರಂಪರೆಯಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರದಲ್ಲಿ, ಅವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂಬ ವಿವರವಿದೆ. ತೇಪೆ ಹಾಕದ ಹೊರತು ಬಟ್ಟೆಯನ್ನು ಹಳತೆಂದು ಬಿಡಬೇಡ ಎಂಬ ಆಶಯದ ಇನ್ನೊಂದು ವರದಿ ತಿರ್ಮಿದಿಯಲ್ಲಿದೆ. ಅದರ ಸನದಿನಲ್ಲಿ ದೌರ್ಬಲ್ಯವಿರುವುದನ್ನು ವಿದ್ವಾಂಸರು ತೋರಿಸಿದ್ದಾರೆ. ಆದ್ದರಿಂದ ಅದನ್ನು ಆಧಾರವಾಗಿ ಮುಂದಿಡುವುದಿಲ್ಲ. ಅದರ ಅಗತ್ಯವೂ ಇಲ್ಲ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಹಝ್ರತ್ ಅನಸ್(ರ) ತಾವು ಕಣ್ಣಾರೆ ಕಂಡದ್ದನ್ನು ಹೇಳಿದ್ದಾರೆ: ಉಮರ್(ರ) ಅಮೀರರಾಗಿದ್ದ ಕಾಲದಲ್ಲಿ ಅವರ ಅಂಗಿಗೆ, ಎರಡು ಭುಜಗಳ ನಡುವೆ, ಒಂದರ ಮೇಲೊಂದು ಮೂರು ತೇಪೆಗಳಿದ್ದವು. ಪರ್ಷಿಯಾದ ಸಾಮ್ರಾಜ್ಯವನ್ನು ಮಣಿಸಿದ ಖಲೀಫರ ಬೆನ್ನಿನ ಮೇಲಿದ್ದದ್ದು ಇದು.

ಉಮ್ಮುಲ್ ಮುಅ್‌ಮಿನೀನ್ ಝೈನಬ್ ಬಿಂತ್ ಜಹ್ಶ್(ರ) ಅವರನ್ನು ಇಲ್ಲಿ ನೆನೆಯಲೇಬೇಕು. ಅವರು ಚರ್ಮ ಹದಮಾಡಿ, ಹೊಲಿದು, ಬಂದದ್ದನ್ನು ದಾನ ಮಾಡುತ್ತಿದ್ದರು. ಪ್ರವಾದಿಯವರ(ಸ) ಬಳಿಕ ಪತ್ನಿಯರಲ್ಲಿ ಮೊದಲು ಇಹಲೋಕ ತ್ಯಜಿಸಿದವರು ಅವರೇ. ‘ಉದ್ದ ಕೈ’ಯವರು ನನ್ನನ್ನು ಮೊದಲು ಸೇರುವರು ಎಂದು ಪ್ರವಾದಿಯವರು ಹೇಳಿದ್ದರ ಅರ್ಥ ಉಳಿದವರಿಗೆ ಆಗ ಹೊಳೆಯಿತು. ಅಲ್ಲಿಯವರೆಗೆ ಅವರು ನಿಜವಾಗಿಯೂ ಕೈಗಳನ್ನು ಅಳೆದು ನೋಡಿದ್ದರಂತೆ! ಹೊಲಿಯುವ ಕೈಗೆ ಇದಕ್ಕಿಂತ ದೊಡ್ಡ ಪ್ರಶಂಸೆ ನನಗೆ ಗೊತ್ತಿಲ್ಲ.

ಮುಂದಿನ ಶತಮಾನಗಳಲ್ಲಿ ಸೂಫಿಗಳು ತೇಪೆಗಳ ನಿಲುವಂಗಿಯನ್ನು, ಮುರಕ್ಕಅವನ್ನು, ತಮ್ಮ ಗುರುತಾಗಿಸಿಕೊಂಡರು. ಗುರುತಾದೊಡನೆ ತೊಡಕೂ ಹುಟ್ಟಿತು. 11ನೇ ಶತಮಾನದಲ್ಲಿ ಲಾಹೋರಿನಲ್ಲಿ ನೆಲೆಸಿದ್ದ ಹಝ್ರತ್ ಅಲೀ ಹುಜ್ವೀರಿಯವರು ‘ಕಶ್ಫುಲ್ ಮಹ್ಜೂಬ್’ ಗ್ರಂಥದಲ್ಲಿ ಈ ಉಡುಪಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಜನರ ಗೌರವ ಗಿಟ್ಟಿಸಲು ತೇಪೆ ತೊಡುವವರನ್ನು ಕಟುವಾಗಿ ಟೀಕಿಸಿದ್ದಾರೆ. ಅದೇ ಅಧ್ಯಾಯದಲ್ಲಿ ಹೊಲಿಗೆಯ ಬಗ್ಗೆಯೂ ಒಂದು ಚರ್ಚೆಯಿದೆ. ಸೂಜಿ ಎಲ್ಲಿ ಹೊರಬಂದರೂ ಸರಿ, ಅಂದಚೆಂದಕ್ಕೆ ತಲೆ ಕೆಡಿಸಿಕೊಳ್ಳಬಾರದು ಎಂದು ಒಂದು ಪಕ್ಷ. ಹೊಲಿಗೆ ನೇರವಾಗಿ, ಒಪ್ಪವಾಗಿ ಇರಬೇಕು, ಅದೂ ಸಾಧನೆಯ ಭಾಗ ಎಂದು ಇನ್ನೊಂದು ಪಕ್ಷ. ಮದ್ರಸದಲ್ಲಿ ಇದನ್ನು ಓದಿದಾಗ ನನಗೆ ನಗು ಬಂದಿತ್ತು. ಏಕೆಂದರೆ ನಮ್ಮ ದಾದಿ ಮತ್ತು ಅಮ್ಮಿಯ ನಡುವೆ ಇದೇ ಜಗಳ ವರ್ಷಗಟ್ಟಲೆ ನಡೆದಿತ್ತು. ದಾದಿ ಎರಡನೆಯ ಪಕ್ಷ.

ಕರ್ನಾಟಕದ ಮಟ್ಟಿಗೆ ಈ ಕಲೆಯ ಅತ್ಯಂತ ಶ್ರೀಮಂತ ರೂಪ ಉತ್ತರ ಕನ್ನಡದ ಸಿದ್ದಿ ಸಮುದಾಯದಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನ ಹಳ್ಳಿಗಳಲ್ಲಿ ಬಾಳುವ ಸಿದ್ದಿಗಳು ಆಫ್ರಿಕ ಮೂಲದವರು. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಮೂರು ಧರ್ಮಗಳ ಹೆಂಗಸರೂ ಹೊಲಿಯುವುದು ಒಂದೇ ಕವಂದಿಯನ್ನು. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನಗುಂಟ ಚೂರುಗಳನ್ನು ಕೂಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನದ ‘ಫೂಲ’, ಎಂದರೆ ಹೂವು, ಇರಲೇಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಮುಸ್ಲಿಮ್ ಸಿದ್ದಿ ತಾಯಂದಿರ ಕವಂದಿಯಲ್ಲಿ ಕೆಲವೊಮ್ಮೆ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಕಾಣಿಸಿಕೊಳ್ಳುವುದುಂಟು.

2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅದರ ಹಿಂದಿದ್ದರು. ಸಂತೋಷವೇ. ಆದರೆ ಗೋಡೆಗೆ ನೇತುಹಾಕಿದ ಕವಂದಿಯನ್ನು ನೆನೆದಾಗ ನನಗೆ ಹುಜ್ವೀರಿಯವರ ಎಚ್ಚರಿಕೆಯೂ ನೆನಪಾಗುತ್ತದೆ. ಈಗ ಹೊಸ ಬಟ್ಟೆಯನ್ನೇ ಕೊಂಡು, ಚೂರು ಮಾಡಿ, ಗುದಡಿಯಂತೆ ಕಾಣಲೆಂದು ಜೋಡಿಸಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಚೂರಿನ ಅಂದ ಬೇಕು, ಚೂರನ್ನು ಉಳಿಸುವ ಮನಸ್ಸು ಬೇಡ. ಇಸ್ರಾಫ್ ಎಂಬುದಕ್ಕೆ ಇದಕ್ಕಿಂತ ವಿಚಿತ್ರ ಉದಾಹರಣೆ ಸಿಗಲಾರದು.

ಇನ್ನೊಂದು ಮಾತು. ದಖ್ಖನಿನ ಇತಿಹಾಸ ಓದುವ ನಮ್ಮ ಮಕ್ಕಳಿಗೆ ಅಹ್ಮದ್‌ನಗರದ ಮಲಿಕ್ ಅಂಬರ್ ಗೊತ್ತು. ಆತ ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಮೊಘಲರನ್ನು ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ ವೀರ. ಅದೇ ಆಫ್ರಿಕದ ನೆಲದಿಂದ ಬಂದವರ ವಂಶದಲ್ಲಿ ಕವಂದಿ ಹೊಲಿದು ಮಕ್ಕಳನ್ನು ಘಟ್ಟದ ಚಳಿಯಿಂದ ಕಾಪಾಡಿದ ತಾಯಂದಿರ ಹೆಸರುಗಳು ಆ ಮಕ್ಕಳಿಗೆ ಗೊತ್ತಿಲ್ಲ. ಟಿಪ್ಪು ಸುಲ್ತಾನರ ಖಡ್ಗದ ಬಗ್ಗೆ ನಾವು ಆಡಿದಷ್ಟು ಮಾತನ್ನು ನಮ್ಮ ಮನೆಯ ಸೂಜಿಯ ಬಗ್ಗೆ ಎಂದಾದರೂ ಆಡಿದ್ದೇವೆಯೇ?

ಮಗುವಿನ ಗುದಡಿಗೆ ಹಳೇ ಬಟ್ಟೆಯೇ ಬೇಕು ಎಂಬುದಕ್ಕೆ ಕಾರಣವಿದೆ. ನೂರು ಬಾರಿ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುವುದಿಲ್ಲ, ಬಣ್ಣ ಬಿಡುವುದಿಲ್ಲ, ಎಳೆಯ ಚರ್ಮಕ್ಕೆ ಉಜ್ಜುವುದಿಲ್ಲ. ಅದಕ್ಕೇ ಅಮ್ಮಿ ಮಗುವಿನ ಮೈಗೆ ತಾಗುವ ಕಡೆಗೆ ಅಬ್ಬಾರ ಹಳೇ ಲುಂಗಿಯನ್ನೋ ತಮ್ಮ ನೂಲಿನ ಸೀರೆಯನ್ನೋ ಹಾಕಿ, ಟೈಲರ್ ಅಂಗಡಿಯ ಹೊಸ ಚೂರುಗಳನ್ನು ಮೇಲ್ಭಾಗಕ್ಕೆ ಮಾತ್ರ ಇಡುತ್ತಿದ್ದರು. ಪಾಲಿಯೆಸ್ಟರ್ ಚೂರು ಬೆವರು ಹೀರದೆಂದು ಬೇರೆ ತೆಗೆಯುತ್ತಿದ್ದರು. ಗಂಟು ಒಳಪದರದಲ್ಲಿ ಅಡಗಬೇಕು. ಎಡಗೈ ಬಟ್ಟೆಯ ಕೆಳಗೆ, ಬಲಗೈ ಮೇಲೆ, ಬೆರಳಗಲದ ಅಂತರದಲ್ಲಿ ಹೊಲಿಗೆಯ ಸಾಲುಗಳು.

ಗಾತ್ರವೂ ಸುಮ್ಮನೆ ನಿಗದಿಯಾದದ್ದಲ್ಲ. ಹನಫೀ ಫಿಕ್ಹ್‌ನಲ್ಲಿ ಹಿಂಡಲು ಬರುವ ಬಟ್ಟೆ ನಜಸ್ ಆದರೆ ಮೂರು ಬಾರಿ ತೊಳೆದು ಪ್ರತಿ ಬಾರಿ ಹಿಂಡಬೇಕು. ಹಿಂಡಲಾಗದ ದಪ್ಪ ಹೊದಿಕೆಯಾದರೆ ಪ್ರತಿ ತೊಳೆತದ ನಂತರ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು. ದಿನಕ್ಕೆ ಹತ್ತು ಬಾರಿ ಒದ್ದೆ ಮಾಡುವ ಮಗುವಿನ ಮನೆಯಲ್ಲಿ ಕಾಯುವುದಕ್ಕೆ ಯಾರಿಗೆ ಪುರುಸೊತ್ತು? ಆದ್ದರಿಂದ ಎರಡು ಕೈಯಲ್ಲಿ ಹಿಂಡಲು ಬರುವಷ್ಟೇ ಚಿಕ್ಕ ಗುದಡಿ, ಎರಡೇ ಮೂರೇ ಪದರ. ಇದನ್ನು ನಾನು ಕಿತಾಬಿನಲ್ಲಿ ಓದಿ ಕಲಿತೆ. ಅಮ್ಮಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗುದಡಿ ಏಕೆ ಇಷ್ಟೇ ಅಗಲ ಎಂದು ಒಮ್ಮೆ ಕೇಳಿದ್ದಕ್ಕೆ ಅವರು ಹೇಳಿದ್ದು, “ಬಾಣಂತಿಯ ಕೈಯಲ್ಲಿ ಬಲ ಎಷ್ಟಿರುತ್ತದೆ ಬೇಟಾ?”

ನನ್ನ ತಂಗಿಗೆ ಈಗ ಏಳು ತಿಂಗಳು. ಕಳೆದ ವಾರ ಈ ಬರಹದ ಮೊದಲ ಭಾಗವನ್ನು ಅಮ್ಮಿಗೆ ಓದಿ ಹೇಳಿದೆ. ಉಮರ್(ರ) ಅವರ ಮೂರು ತೇಪೆಯ ಮಾತು ಬಂದಾಗ, ಯಾರು ಹಾಕಿಕೊಟ್ಟರಂತೆ ಎಂದು ಕೇಳಿದರು. ವರದಿಯಲ್ಲಿ ಅದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಂಕಿನಿಂದ ಅಬ್ಬಾರ ಲುಂಗಿಯನ್ನು ತೆಗೆದುಕೊಡಲು ಹೇಳಿದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಸೂಜಿಗೆ ದಾರ ಪೋಣಿಸುವುದು ಅವರಿಗೆ ಕಷ್ಟ. ಅದನ್ನು ನನ್ನ ಮಗಳು ಮಾಡಿಕೊಡುತ್ತಿದ್ದಾಳೆ.